ನೌರಸ್

ವಿಜಯಪುರದಿಂದ ತಿಕೋಟಾಕ್ಕೆ ಹೋಗುವ ದಾರಿಯ ತೊರವಿಯ ಬಳಿ 1599ರಲ್ಲಿ ಎರಡನೇ ಇಬ್ರಾಹಿಂ ಆದಿಲ್‌ಶಾಹ ಕಟ್ಟಿಸತೊಡಗಿದ ಊರಿನ ಹೆಸರು ನೌರಸಪುರ. ಅವನು ದಖನಿಯಲ್ಲಿ ರಚಿಸಿದ ಹಾಡುಗಳ ಸಂಕಲನ 'ಕಿತಾಬ್-ಎ-ನೌರಸ್'. ಈ ಪದ ನಮ್ಮ 'ನವರಸ'ದ ಅಪಭ್ರಂಶವಷ್ಟೇ ಎಂದು ಹಲವರು ತಿಳಿಯುತ್ತಾರೆ. ಆದರೆ ಪಾರಸಿಯಲ್ಲಿ 'ನೌ' ಎಂದರೆ ಹೊಸದು, 'ರಸ್' ಎಂದರೆ ಬಂದು ಸೇರಿದ್ದು. 'ನೌರಸ್' ಆಗಷ್ಟೇ ಮಾಗಿದ ಹಣ್ಣಿಗೂ ಸಲ್ಲುವ ಮಾತು. ಹಾಗಾದರೆ ಪದ ಪಾರಸಿಯದೇ ಅಲ್ಲವೇ ಎಂದು ಕೇಳಬಹುದು. ಅದೂ ಪೂರ್ತಿ ಒಪ್ಪುವಂಥದ್ದಲ್ಲ. ಕೃತಿಯ ಹಾಡುಗಳು ಭೂಪಾಲಿ, ಭೈರವ, ತೋಡಿ, ಮಲ್ಹಾರ, ಕೇದಾರ ಮೊದಲಾದ ರಾಗಗಳ ಹೆಸರಿನಡಿ ಜೋಡಣೆಗೊಂಡಿವೆ, ಸರಸ್ವತಿ ಮತ್ತು ಗಣಪತಿಯ ಸ್ತುತಿಗಳೂ ಅಲ್ಲಿವೆ. ಆಸ್ಥಾನದ ಪಾರಸಿ ಕವಿ ಜುಹೂರಿ ಬರೆದ ಮುನ್ನುಡಿಯೂ ಒಂಬತ್ತು ರಸಗಳ ಅರ್ಥವನ್ನು ಬಿಡುವುದಿಲ್ಲ. ಎರಡು ಭಾಷೆಗಳು ಒಂದೇ ಉಚ್ಚಾರದಲ್ಲಿ ಕೂಡಿದ್ದೇ ಈ ಪದದ ಹುಟ್ಟು ಎನ್ನುವುದು ಹೆಚ್ಚು ಸರಿ.

ಸಂಗೀತ ಕೇಳುವವರಿಗೆ ಈ ಪದ ಇಂದಿಗೂ ಬೇಕು. ರಾಗದ ಹೆಸರು ಹೇಳಿದರೆ ರಸ ಹೇಳಿದಂತೆಯೇ ಎಂಬ ವಾದವಿದೆ. ರಾಗ ಸ್ವರಗಳ ನಡೆಯನ್ನು ಗೊತ್ತುಮಾಡುತ್ತದೆ ನಿಜ. ಆದರೆ ಧ್ವನಿಮುದ್ರಿಕೆಯಲ್ಲಿ ಅದೇ ರಾಗ ವಿಲಂಬಿತದಲ್ಲಿ ಗಂಭೀರವಾಗಿ ಹರಡಿ, ದ್ರುತ್‌ಗೆ ಬಂದಾಗ ಉಲ್ಲಾಸಕ್ಕೆ ಹೊರಳುವುದುಂಟು. ಷಡ್ಜದ ಶ್ರುತಿ ಗಾಯಕರ ಕಂಠಕ್ಕೆ ತಕ್ಕಂತೆ ಏರಿಳಿದರೂ ರಾಗ ಕೆಡುವುದಿಲ್ಲ, ಲಯ ಬದಲಾದರೆ ಮಾತ್ರ ಭಾವವೇ ಬೇರೆಯಾಗಬಹುದು. ರಾಗ, ಲಯ, ಶ್ರುತಿ ಮೂರೂ ಕೂಡಿ ಕೇಳುಗರಲ್ಲಿ ಹೊಸದಾಗಿ ಮಾಗುವುದೇ ರಸ. ಆದ್ದರಿಂದ ನೌರಸ್ ಪದವನ್ನು ಊರಿನ ಹೆಸರಿಗಷ್ಟೇ ಸೀಮಿತಗೊಳಿಸದೆ ಸಂಗೀತ ವಿಮರ್ಶೆಯಲ್ಲೂ ಬಳಸಬೇಕು.