ಎರಡನೆಯ ಬೀಗದ ಕೀಲಿ: ತಂಡದ ಖಾತೆಗಳಲ್ಲಿ ಎರಡು ಹಂತದ ದೃಢೀಕರಣ

ಪಾಸ್‌ವರ್ಡ್ ಕೊಟ್ಟ ಮೇಲೂ ಮತ್ತೊಂದು ಗುರುತನ್ನು ಕೇಳುವ ವ್ಯವಸ್ಥೆಗೆ ಎರಡು ಹಂತದ ದೃಢೀಕರಣವೆಂದು ಹೆಸರು. ನಮ್ಮ ದೇಶದಲ್ಲಿ ಇದು ಜನಸಾಮಾನ್ಯರಿಗೆ ಪರಿಚಯವಾದದ್ದು ಬಹುಮಟ್ಟಿಗೆ ಬ್ಯಾಂಕುಗಳ ಮೂಲಕ. ಆನ್‌ಲೈನ್ ಕಾರ್ಡ್ ಪಾವತಿಗೆ ಹೆಚ್ಚುವರಿ ದೃಢೀಕರಣ ಇರಲೇಬೇಕೆಂಬ ರಿಸರ್ವ್ ಬ್ಯಾಂಕಿನ ನಿಯಮ 2009ರ ಆಗಸ್ಟ್‌ನಲ್ಲಿ ಜಾರಿಗೆ ಬಂದಿತು. ಪಾಸ್‌ವರ್ಡ್ ಒಬ್ಬರಿಗೆ ತಿಳಿದಿರುವಂಥದು, ಫೋನು ಅವರ ಕೈಯಲ್ಲಿರುವಂಥದು. ಎರಡೂ ಒಟ್ಟಿಗೆ ಕಳ್ಳನಿಗೆ ದಕ್ಕುವುದು ಕಷ್ಟವೆಂಬುದೇ ಇದರ ತಳಹದಿ. ಆದರೆ ಸಂಘದ ಇಮೇಲ್, ಶಾಲೆಯ ಯೂಟ್ಯೂಬ್ ವಾಹಿನಿ, ಪತ್ರಿಕೆಯ ಜಾಲತಾಣ ಇವು ಒಬ್ಬರ ಸ್ವತ್ತಲ್ಲ. ಐದಾರು ಮಂದಿ ನಡೆಸುವ ಖಾತೆಗೆ ಒಬ್ಬರ ಫೋನು ಬೀಗವಾದರೆ ಏನಾಗುವುದೆಂಬುದನ್ನು ನಾವು ಕಂಡಿದ್ದೇವೆ.

ನಾವು ತೊಡಗಿಕೊಂಡಿದ್ದ ಒಂದು ಸಂಘದಲ್ಲಿ ಅರ್ಜಿ ಸಲ್ಲಿಸುವ ಕೊನೆಯ ದಿನ ಸಂಜೆ ಒಟಿಪಿ ಹೋದದ್ದು ಎರಡು ವರ್ಷ ಹಿಂದೆಯೇ ವರ್ಗವಾಗಿ ಹೋಗಿದ್ದ ಹಳೆಯ ಕಾರ್ಯದರ್ಶಿಗಳ ಸಂಖ್ಯೆಗೆ. ಅವರು ಘಟ್ಟ ಇಳಿಯುವ ಬಸ್ಸಿನಲ್ಲಿದ್ದರು, ನೆಟ್‌ವರ್ಕ್ ಇರಲಿಲ್ಲ. ಅವಧಿ ಮುಗಿಯಿತು. ಮರುವಾರ ನಾವು ಮಾಡಿಕೊಂಡ ಪರಿಹಾರವಾದರೋ ಅದಕ್ಕಿಂತ ದೊಡ್ಡ ತಪ್ಪು: ಹೊಸ ದೃಢೀಕರಣ ಆ್ಯಪ್‌ನ ಕ್ಯೂಆರ್ ಚಿತ್ರವನ್ನು ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿ, ಎಲ್ಲರೂ ಸ್ಕ್ಯಾನ್ ಮಾಡಿಕೊಳ್ಳಿ ಎಂದೆವು.

ಅದು ಏಕೆ ತಪ್ಪೆಂದು ತಿಳಿಯಲು ಆ್ಯಪ್ ಕೆಲಸ ಮಾಡುವ ಬಗೆಯನ್ನು ಅರಿಯಬೇಕು. ಕ್ಯೂಆರ್ ಚಿತ್ರದೊಳಗೆ ಒಂದು ಗುಪ್ತಕೀಲಿ ಇರುತ್ತದೆ. ಆ ಕೀಲಿಯನ್ನೂ ಆ ಕ್ಷಣದ ಸಮಯವನ್ನೂ ಕೂಡಿಸಿ ಲೆಕ್ಕ ಹಾಕಿ, ಸಾಮಾನ್ಯವಾಗಿ 30 ಸೆಕೆಂಡಿಗೊಮ್ಮೆ 6 ಅಂಕಿಗಳ ಸಂಖ್ಯೆಯನ್ನು ಆ್ಯಪ್ ತೋರಿಸುತ್ತದೆ. 2011ರಲ್ಲಿ ಪ್ರಕಟವಾದ ಆರ್‌ಎಫ್‌ಸಿ 6238 ಎಂಬ ಮಾನಕ ಈ ವಿಧಾನವನ್ನು ವಿವರಿಸುತ್ತದೆ. ಇದಕ್ಕೆ ಸಿಮ್ ಬೇಡ, ನೆಟ್‌ವರ್ಕ್ ಬೇಡ, ಫೋನಿನ ಗಡಿಯಾರ ಸರಿಯಿದ್ದರೆ ಸಾಕು. ಸಂದೇಶ ತಲುಪದ ಊರುಗಳಿಗೆ ಇದೊಂದು ವರವೇ ಸರಿ. ಒಂದೇ ಕೀಲಿಯನ್ನು ಎಷ್ಟು ಫೋನುಗಳಿಗೆ ಹಾಕಿದರೂ ಎಲ್ಲದರಲ್ಲಿಯೂ ಒಂದೇ ಸಂಖ್ಯೆ ಮೂಡುತ್ತದೆ. ಒಟಿಪಿಯನ್ನು ಯಾರಿಗೂ ಹೇಳಬಾರದೆಂದು ನಾವು ಮಕ್ಕಳಿಗೂ ಕಲಿಸುತ್ತೇವೆ. ಆದರೆ ಅದು ಕ್ಷಣಕಾಲ ಬಾಳಿ ಸಾಯುವ ಸಂಖ್ಯೆ. ಕ್ಯೂಆರ್ ಚಿತ್ರ ಹಾಗಲ್ಲ. ಕೀಲಿಯನ್ನು ಬದಲಿಸುವವರೆಗೆ ಅದಕ್ಕೆ ಸಾವಿಲ್ಲ. ಗುಂಪಿನಲ್ಲಿದ್ದ ಪ್ರತಿಯೊಬ್ಬರ ಗ್ಯಾಲರಿಯಲ್ಲಿಯೂ ಅದು ಉಳಿದಿತ್ತು.

ಆದಕಾರಣ ಮೊದಲು ಕೇಳಬೇಕಾದ ಪ್ರಶ್ನೆ, ಹಂಚಿಕೊಳ್ಳುವ ಅಗತ್ಯ ಇದೆಯೇ ಎಂಬುದು. ಬಹಳ ಕಡೆ ಇಲ್ಲ. ಯೂಟ್ಯೂಬ್ ವಾಹಿನಿಗೆ ವ್ಯವಸ್ಥಾಪಕ, ಸಂಪಾದಕ ಎಂದು ಬೇರೆ ಬೇರೆ ಅಧಿಕಾರ ಕೊಟ್ಟು ಸದಸ್ಯರನ್ನು ಅವರವರ ಖಾತೆಯಿಂದಲೇ ಸೇರಿಸಬಹುದು. ಫೇಸ್‌ಬುಕ್ ಪುಟಕ್ಕೂ ವರ್ಡ್‌ಪ್ರೆಸ್ ತಾಣಕ್ಕೂ ಇದೇ ಸೌಲಭ್ಯವಿದೆ. ಜಿಮೇಲ್‌ನಲ್ಲಿ ಪಾಸ್‌ವರ್ಡ್ ಕೊಡದೆಯೇ ಬೇರೊಬ್ಬರಿಗೆ ಅಂಚೆ ಓದುವ, ಉತ್ತರಿಸುವ ಪ್ರಾತಿನಿಧ್ಯ ನೀಡಬಹುದು. ಪ್ರತಿಯೊಬ್ಬರಿಗೂ ತಮ್ಮದೇ ಪಾಸ್‌ವರ್ಡ್, ತಮ್ಮದೇ ಎರಡನೆಯ ಬೀಗ. ಒಬ್ಬರು ಬಿಟ್ಟುಹೋದರೆ ಅವರ ಹೆಸರನ್ನು ತೆಗೆದರಾಯಿತು. ಬ್ಯಾಂಕ್ ಖಾತೆಯ ಒಟಿಪಿಯನ್ನಂತೂ ಹಂಚಿಕೊಳ್ಳುವ ಮಾತೇ ಬರಬಾರದು.

ಒಂದೇ ಪ್ರವೇಶವನ್ನು ಮಾತ್ರ ಕೊಡುವ ತಾಣಗಳೂ ಉಂಟು. ಅಂಥಲ್ಲಿ ಒಟಿಪಿ ಯಾರದೋ ಸ್ವಂತ ಸಂಖ್ಯೆಗೆ ಹೋಗುವ ಬದಲು, ಅನುಕೂಲವಿದ್ದರೆ ದೃಢೀಕರಣ ಆ್ಯಪ್ ಆರಿಸಿಕೊಳ್ಳುವುದು ಲೇಸು. ಇಬ್ಬರು ಜವಾಬ್ದಾರರು ಒಂದೇ ಮೇಜಿನ ಮುಂದೆ ಕುಳಿತು, ಪರದೆಯ ಮೇಲಿನ ಕ್ಯೂಆರ್ ಚಿತ್ರವನ್ನು ತಮ್ಮ ತಮ್ಮ ಫೋನಿನಲ್ಲಿ ಸ್ಕ್ಯಾನ್ ಮಾಡಲಿ. ಫೋಟೋ ತೆಗೆಯುವುದು ಬೇಡ. ತಂಡ ದೊಡ್ಡದಾದರೆ ಬಿಟ್‌ವಾರ್ಡನ್, ಒನ್‌ಪಾಸ್‌ವರ್ಡ್‌ನಂತಹ ಪಾಸ್‌ವರ್ಡ್ ಪೆಟ್ಟಿಗೆಯ ಹಂಚಿದ ವಿಭಾಗದಲ್ಲಿ ಗುಪ್ತಕೀಲಿಯನ್ನು ಇಡಬಹುದು. ಆದರೆ ಪಾಸ್‌ವರ್ಡನ್ನೂ ಕೀಲಿಯನ್ನೂ ಒಂದೇ ಪೆಟ್ಟಿಗೆಯಲ್ಲಿಟ್ಟರೆ ಎರಡು ಬೀಗ ಒಂದಾದಂತೆ. ಆ ಪೆಟ್ಟಿಗೆಗೆ ಪ್ರತಿ ಸದಸ್ಯರೂ ತಮ್ಮದೇ ಎರಡನೆಯ ಬೀಗ ಹಾಕಿಕೊಂಡಿರಬೇಕು.

ಯುಎಸ್‌ಬಿ ರೂಪದ ಭದ್ರತಾ ಕೀಲಿ ಇವೆಲ್ಲಕ್ಕಿಂತ ಮೇಲು. ಗೂಗಲ್‌ನಂತಹ ಖಾತೆಗಳಿಗೆ ಒಂದಕ್ಕಿಂತ ಹೆಚ್ಚು ಕೀಲಿಗಳನ್ನು ಜೋಡಿಸಬಹುದಾದ್ದರಿಂದ ಒಬ್ಬರ ಕೀಲಿಯನ್ನು ಮಾತ್ರ ತೆಗೆಯುವುದು ಸುಲಭ. ಹಣ ಕೊಟ್ಟು ಕೊಳ್ಳಬೇಕೆಂಬುದೇ ತೊಡಕು. ಖರ್ಚಿಲ್ಲದ ಆಸರೆ ಬ್ಯಾಕಪ್ ಕೋಡ್‌ಗಳದು: ಗೂಗಲ್ ಒಮ್ಮೆಗೆ 10 ಕೋಡ್ ಕೊಡುತ್ತದೆ, ಒಂದೊಂದೂ ಒಂದೇ ಸಲಕ್ಕೆ. ಅವನ್ನು ಕಾಗದದಲ್ಲಿ ಬರೆದು, ಲಕೋಟೆಗೆ ಅಂಟು ಹಾಕಿ, ಸಹಿ ಮಾಡಿ ಕಚೇರಿಯ ಕಪಾಟಿನಲ್ಲಿಡಬೇಕು. ಫೋನು ನೀರಿಗೆ ಬಿದ್ದ ದಿನ ಅದರ ಬೆಲೆ ತಿಳಿಯುತ್ತದೆ.

ಹೆಚ್ಚಿನವರು ಎಡವುವುದು ಸದಸ್ಯರೊಬ್ಬರು ಹೊರಹೋದಾಗ. ಪಾಸ್‌ವರ್ಡ್ ಬದಲಿಸಿ ನಿಶ್ಚಿಂತರಾಗುತ್ತಾರೆ. ಅವರ ಫೋನಿನ ಗುಪ್ತಕೀಲಿ ಹಾಗೆಯೇ ಇದ್ದು, 30 ಸೆಕೆಂಡಿಗೊಮ್ಮೆ ಸರಿಯಾದ ಸಂಖ್ಯೆಯನ್ನೇ ತೋರಿಸುತ್ತಿರುತ್ತದೆ. 2023ರಿಂದ ಗೂಗಲ್ ಅಥೆಂಟಿಕೇಟರ್ ಬಳಕೆದಾರರ ಸ್ವಂತ ಖಾತೆಗೂ ಕೀಲಿಗಳನ್ನು ನಕಲಿಸಿಡಬಲ್ಲದಾದ್ದರಿಂದ ಫೋನು ಬದಲಾದರೂ ಅದು ಅಳಿಯದೆ ಇರಬಹುದು. ಹೋದವರು ಸಜ್ಜನರೇ ಇರಬಹುದು. ಅವರ ಫೋನು ಯಾರ ಕೈಸೇರುವುದೋ ಹೇಳಬಲ್ಲವರಾರು? ಆದುದರಿಂದ ಆ್ಯಪ್ ಜೋಡಣೆಯನ್ನು ರದ್ದುಮಾಡಿ ಹೊಸ ಕೀಲಿ ಪಡೆಯಬೇಕು, ಹಳೆಯ ಬ್ಯಾಕಪ್ ಕೋಡ್‌ಗಳನ್ನು ಬದಲಿಸಬೇಕು, ತೆರೆದಿರುವ ಸಾಧನಗಳಿಂದೆಲ್ಲ ಖಾತೆಯನ್ನು ಹೊರತರಬೇಕು. ಖಾತೆ ಮರಳಿ ಪಡೆಯಲೆಂದು ಕೊಟ್ಟ ಫೋನ್ ಸಂಖ್ಯೆ ಮತ್ತು ಇಮೇಲ್ ವಿಳಾಸವನ್ನು ಮರೆಯುವವರೇ ಹೆಚ್ಚು. ಬಳಕೆ ನಿಂತ ಸಂಖ್ಯೆಯನ್ನು ಕಂಪನಿಗಳು ಬೇರೊಬ್ಬರಿಗೆ ಕೊಡುವುದುಂಟು. ಕೊನೆಗೆ ಉಳಿದ ಇಬ್ಬರೂ ತಮ್ಮ ತಮ್ಮ ಫೋನಿನಿಂದ ಒಳಹೋಗಿ ನೋಡಬೇಕು. ಈಗ ನಾವು ಇದನ್ನು ಜೂನ್ ಮೊದಲ ವಾರ, ಹೊಸ ಹಾಜರಿ ಪುಸ್ತಕ ತೆರೆಯುವ ದಿನವೇ ಮಾಡಿ ಮುಗಿಸುತ್ತೇವೆ.