ಆಟಿಕೆ ಮಳಿಗೆಯಿಂದ ಅಂತರಜಾಲಕ್ಕೆ

1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾಗಿ ನೇಮಕಗೊಂಡ ಎಸ್.ಆರ್. ರಂಗನಾಥನ್ ಮೂಲತಃ ಗಣಿತದ ಅಧ್ಯಾಪಕರು. ಹೊಸ ವೃತ್ತಿ ಕಲಿಯಲು ಲಂಡನ್ನಿಗೆ ಹೋದಾಗ ಅಲ್ಲಿನ ಸೆಲ್ಫ್‌ರಿಜಸ್ ಮಳಿಗೆಯಲ್ಲಿ ಮೆಕ್ಯಾನೊ ಎಂಬ ಆಟಿಕೆ ಅವರ ಕಣ್ಣಿಗೆ ಬಿತ್ತು. ಅವೇ ಪಟ್ಟಿ, ಚಕ್ರ, ತಿರುಪುಗಳನ್ನು ಬೇರೆ ಬೇರೆ ರೀತಿ ಜೋಡಿಸಿದರೆ ಬೇರೆ ಬೇರೆ ಆಟಿಕೆ. ಪುಸ್ತಕದ ವಿಷಯವನ್ನೂ ಹೀಗೇಕೆ ಜೋಡಿಸಬಾರದು?

ಅಮೆರಿಕದ ಮೆಲ್ವಿಲ್ ಡ್ಯೂಯಿ 1876ರಲ್ಲಿ ಪ್ರಕಟಿಸಿದ ದಶಮಾಂಶ ವರ್ಗೀಕರಣದಲ್ಲಿ ಬಹುಮಟ್ಟಿಗೆ ಪ್ರತಿ ವಿಷಯಕ್ಕೂ ಮೊದಲೇ ಗೊತ್ತುಮಾಡಿದ ಗೂಡು. 1950ರ ದಶಕದಲ್ಲಿ ಮಂಡ್ಯದ ಭತ್ತಕ್ಕೆ ತಗುಲಿದ ರೋಗದ ಬಗ್ಗೆ ಪುಸ್ತಕವೊಂದಿದೆ ಎನ್ನಿ. ಅದು ಬೆಳೆಯ ಗೂಡಿಗೋ, ರೋಗದ ಗೂಡಿಗೋ, ಊರಿನ ಗೂಡಿಗೋ? ಒಂದರಲ್ಲಿಟ್ಟರೆ ಉಳಿದೆರಡು ಕಡೆ ಹುಡುಕುವವನಿಗೆ ಅದು ಇಲ್ಲದಂತೆಯೇ. ರಂಗನಾಥನ್ 1933ರಲ್ಲಿ ಪ್ರಕಟಿಸಿದ ಕೋಲನ್ ವರ್ಗೀಕರಣ ಬೆಳೆ, ರೋಗ, ಸ್ಥಳ, ಕಾಲಗಳಿಗೆ ಪ್ರತ್ಯೇಕ ಸಂಕೇತ ಕೊಟ್ಟು, ನಡುವೆ ವಿರಾಮಚಿಹ್ನೆಯಿಟ್ಟು ಪೋಣಿಸಿತು. ಮುಂದೆ ಈ ಮುಖಗಳನ್ನೆಲ್ಲ ಅವರು ವ್ಯಕ್ತಿತ್ವ, ದ್ರವ್ಯ, ಶಕ್ತಿ, ದೇಶ, ಕಾಲ ಎಂಬ ಐದರಲ್ಲಿ ಅಡಕಗೊಳಿಸಿದರು. 1957ರಲ್ಲಿ ಬೆಂಗಳೂರಿಗೆ ಬಂದು ನೆಲೆಸಿದ ಅವರು 1962ರಲ್ಲಿ ಇಲ್ಲಿ ಪ್ರಲೇಖನ ಸಂಶೋಧನೆ ಮತ್ತು ತರಬೇತಿ ಕೇಂದ್ರ ಕಟ್ಟಿದರು. 1972ರಲ್ಲಿ ಇಲ್ಲಿಯೇ ತೀರಿಕೊಂಡರು.

ಅಂತರಜಾಲದ ಪುಟಗಳು ಬಂದಾಗ ಹಳೆಯ ಪ್ರಶ್ನೆ ಮರಳಿತು. ಪುಟದಲ್ಲಿ 'ಕಮಲ' ಎಂದಿದ್ದರೆ ಅದು ಹೂವೋ ಹೆಂಗಸೋ ಎಂಬುದು ಯಂತ್ರಕ್ಕೆ ಹೇಗೆ ಗೊತ್ತಾಗಬೇಕು? 1995ರಲ್ಲಿ ಗ್ರಂಥಾಲಯದವರೂ ಕಂಪ್ಯೂಟರ್ ತಜ್ಞರೂ ಒಟ್ಟಿಗೆ ಕುಳಿತು, ಲೇಖಕ, ವಿಷಯ, ದಿನಾಂಕ ಮುಂತಾಗಿ ಪ್ರತಿ ಪುಟಕ್ಕೂ ಅಂಟಿಸಬಹುದಾದ ವಿವರಗಳ ಕಿರುಪಟ್ಟಿಯೊಂದನ್ನು ರೂಪಿಸಿದರು. ಅದೇ ಡಬ್ಲಿನ್ ಕೋರ್. (ಈ ಡಬ್ಲಿನ್ ಐರ್ಲೆಂಡಿನದಲ್ಲ, ಅಮೆರಿಕದ ಓಹಾಯೊ ರಾಜ್ಯದ್ದು.) ಅವರು ರಂಗನಾಥನ್ನರನ್ನೇ ಅನುಸರಿಸಿದರೆಂದಲ್ಲ, ಆದರೆ ಒಂದು ವಸ್ತುವನ್ನು ಹಲವು ಮುಖಗಳಿಂದ ವಿವರಿಸುವ ದಾರಿ ಅದೇ.

ಒಂದು ವ್ಯತ್ಯಾಸ ಮಾತ್ರ ದೊಡ್ಡದು. ಪುಸ್ತಕಕ್ಕೆ ಚೀಟಿ ಬರೆಯುತ್ತಿದ್ದವರು ಗ್ರಂಥಪಾಲಕರು, ಅದರಿಂದ ಅವರಿಗೇನೂ ಲಾಭವಿರಲಿಲ್ಲ. ಅಂತರಜಾಲದಲ್ಲಿ ಚೀಟಿ ಬರೆಯುವವನು ಸ್ವತಃ ಅಂಗಡಿಯವನು! ಗಿರಾಕಿ ಬರಲೆಂದು ಸಂಬಂಧವಿಲ್ಲದ ಪದಗಳನ್ನೆಲ್ಲ ಪುಟದ ಮರೆಯಲ್ಲಿ ತುಂಬಿದವರು ಅಸಂಖ್ಯ. ಶ್ರೇಯಾಂಕ ನೀಡುವಾಗ ಅಂಥ 'ಕೀವರ್ಡ್'ಗಳನ್ನು ತಾನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ ಎಂದು ಗೂಗಲ್ 2009ರಲ್ಲಿ ಬಹಿರಂಗವಾಗಿಯೇ ಹೇಳಿತು.

ಹಾಗೆಂದು ಚೀಟಿಯ ಅಗತ್ಯ ತಪ್ಪಲಿಲ್ಲ. 2011ರಲ್ಲಿ ಗೂಗಲ್, ಮೈಕ್ರೊಸಾಫ್ಟ್, ಯಾಹೂ ಸೇರಿ ಸ್ಕೀಮಾ ಡಾಟ್ ಆರ್ಗ್ ಎಂಬ ಸಮಾನ ಪದಕೋಶ ತಂದವು. ಅಡುಗೆಯ ಪುಟವಾದರೆ ಸಾಮಗ್ರಿ ಯಾವುದು, ಬೇಯಲು ಎಷ್ಟು ಹೊತ್ತು ಎಂಬುದಕ್ಕೆ ಅದರಲ್ಲಿ ಬೇರೆ ಬೇರೆ ಗುರುತುಗಳಿವೆ. ಓದುಗನ ಕಣ್ಣಿಗೆ ಕಾಣದ್ದನ್ನು ಗುರುತು ಹಾಕಿ ಹೇಳಕೂಡದು ಎಂಬ ನಿಯಮವನ್ನೂ ಗೂಗಲ್ ವಿಧಿಸಿದೆ.