ದುಬಲಗುಂಡಿಯ ತಲೆಯೆಣಿಕೆ

‘ಸುಮಾರು’ ಎಂಬುದು ಕನ್ನಡಿಗರ ನಾಲಗೆಯ ಮೇಲೆ ದಿನಕ್ಕೆ ಹತ್ತು ಸಲವಾದರೂ ಸುಳಿಯುವ ಮಾತು. ಖಚಿತವಾಗಿ ತಿಳಿಯದ್ದನ್ನೂ, ತಿಳಿದಿದ್ದರೂ ಬಿಡಿಸಿ ಹೇಳಲೊಲ್ಲದ್ದನ್ನೂ ನಾವು ಈ ಮಾತಿನ ಮರೆಯಲ್ಲಿ ನಿಲ್ಲಿಸುತ್ತೇವೆ. ಆದರೆ ಈ ಶಬ್ದದ ತವರಾದ ಪಾರಸಿಯಲ್ಲಿ ಇದರ ಅರ್ಥ ಬೇರೆ. ಅಲ್ಲಿ ‘ಶುಮಾರ್’ ಎಂದರೆ ಎಣಿಕೆ, ಲೆಕ್ಕ. ಜನರನ್ನು ಎಣಿಸುವುದಕ್ಕೆ ಉರ್ದುವಿನಲ್ಲಿ ‘ಮರ್ದುಮ್ ಶುಮಾರಿ’ ಎನ್ನುತ್ತಾರೆ. ಮನೆಗಳ ಎಣಿಕೆ ‘ಖಾನೆ ಶುಮಾರಿ’. ಇದೇ ಕನ್ನಡದ ಹಳೆಯ ಕಾಗದಪತ್ರಗಳಲ್ಲಿ ‘ಖಾನೇಸುಮಾರಿ’ ಎಂದು ನೆಲೆನಿಂತಿತು. ಎಣಿಕೆ ಎಂಬ ಅರ್ಥದಿಂದ ಹೊರಟ ಮಾತು ನಮ್ಮಲ್ಲಿಗೆ ಬಂದು ಸೇರುವ ವೇಳೆಗೆ ಅಂದಾಜು ಎಂಬ ಅರ್ಥವನ್ನು ಹೊತ್ತಿತು. ಜನಗಣತಿಯ ಚರಿತ್ರೆಯನ್ನು ನೋಡಿದರೆ, ಈ ಅರ್ಥಾಂತರದಲ್ಲಿ ಒಂದು ವಿವೇಕ ಅಡಗಿದೆಯೆಂದು ನನಗೆ ತೋರುತ್ತದೆ.

ಇಂದಿನ ನನ್ನ ಮಾತಿಗೆ ಬೀದರ ಜಿಲ್ಲೆ ಹುಮನಾಬಾದ ತಾಲೂಕಿನ ದುಬಲಗುಂಡಿಯನ್ನು ಆರಿಸಿಕೊಂಡಿದ್ದೇನೆ. ಜೋಳ, ತೊಗರಿ, ಉದ್ದು, ಹೆಸರು ಬೆಳೆಯುವ ಸೀಮೆಯ ಹೋಬಳಿಯ ಊರು. ಶರಣರ ಕಲ್ಯಾಣ ಇಲ್ಲಿಗೆ ದೂರವಲ್ಲ. ಕನ್ನಡದ ಜತೆಗೆ ದಖನಿ ಉರ್ದುವೂ ಮರಾಠಿಯೂ ಕಿವಿಗೆ ಬೀಳುವ ನೆಲ. ಇಂಥ ಊರಿನ ಜನಸಂಖ್ಯೆ ಎಷ್ಟು ಎಂಬ ಪ್ರಶ್ನೆಗೆ ಕಚೇರಿಯ ಹಾಳೆ ಒಂದು ಅಂಕಿಯಲ್ಲಿ ಉತ್ತರ ಕೊಟ್ಟೀತು. ಆ ಅಂಕಿ ಹೇಗೆ ಹುಟ್ಟುತ್ತದೆ, ಅದರೊಳಗೆ ಯಾರು ಇದ್ದಾರೆ, ಯಾರು ಇಲ್ಲ ಎಂಬುದು ನನ್ನ ವಿಷಯ.

ಈ ಊರು ಸೇರಿದ್ದ ಹೈದರಾಬಾದು ಸಂಸ್ಥಾನದಲ್ಲಿ ಮೊದಲ ಜನಗಣತಿ ನಡೆದದ್ದು 1881ರಲ್ಲಿ. ಅಲ್ಲಿಂದ 1931ರವರೆಗೆ ಎಣಿಕೆ ಒಂದೇ ರಾತ್ರಿಯ ಕೆಲಸವಾಗಿತ್ತು. ಮುಂಚಿತವಾಗಿ ಮನೆಮನೆಗೆ ಸಂಖ್ಯೆ ಬರೆದು, ಮನೆಯವರ ವಿವರವನ್ನು ಗುರುತು ಹಾಕಿಕೊಂಡು, ಗೊತ್ತಾದ ರಾತ್ರಿ ಎಣಿಕೆಯವರು ಮತ್ತೆ ಹೋಗಿ, ಹುಟ್ಟಿದವರನ್ನು ಸೇರಿಸಿ, ಸತ್ತವರನ್ನು ಹೊಡೆದುಹಾಕಿ, ಬಂದ ನೆಂಟನನ್ನು ಬರೆದುಕೊಳ್ಳುತ್ತಿದ್ದರು. 1891ರಲ್ಲಿ ಫೆಬ್ರವರಿ 26, 1901ರಲ್ಲಿ ಮಾರ್ಚ್ 1 ಅಂಥ ದಿನಗಳು. ಜಾತ್ರೆ, ಮದುವೆಗಳ ದಟ್ಟಣೆ ಇಲ್ಲದ, ಸಾಧ್ಯವಾದರೆ ಬೆಳದಿಂಗಳಿರುವ ರಾತ್ರಿಯನ್ನೇ ಹುಡುಕುತ್ತಿದ್ದರು. ಆ ರಾತ್ರಿ ಯಾರು ಎಲ್ಲಿ ಮಲಗಿದ್ದರೋ ಅವರು ಅಲ್ಲಿಯವರು.

ಈ ಎಣಿಕೆಯ ಹಾಳೆಗಳು ಮೊದಲು ಸಾರಿದ ದೊಡ್ಡ ಸುದ್ದಿ ಸಾವಿನದು. ಆಗಿನ ಬೀದರ ಜಿಲ್ಲೆಯಲ್ಲಿ 1891ರಲ್ಲಿ 9,01,984 ಜನರಿದ್ದರು, 1901ರಲ್ಲಿ 7,66,129. ಹತ್ತು ವರ್ಷಗಳಲ್ಲಿ ನೂರಕ್ಕೆ ಹದಿನೈದು ಮಂದಿ ಕಡಮೆ. ಆ ನಡುವೆ 1897ರ ಬರವೂ, 1899–1900ರ ಮಹಾಕ್ಷಾಮವೂ ಈ ನೆಲವನ್ನು ಹಾದುಹೋಗಿದ್ದವು. ಇಳಿದ ಈ ಸಂಖ್ಯೆಯಲ್ಲಿ ಸತ್ತವರೆಷ್ಟು, ಗಂಟುಮೂಟೆ ಕಟ್ಟಿ ಹೋದವರೆಷ್ಟು ಎಂಬುದನ್ನು ಅಂಕಿ ಬೇರ್ಪಡಿಸಿ ಹೇಳುವುದಿಲ್ಲ. ಲೆಕ್ಕಕ್ಕೆ ಎರಡೂ ಒಂದೇ ಕಳೆತ. 1911ರಲ್ಲಿ 1,33,74,676 ಇದ್ದ ಇಡೀ ಸಂಸ್ಥಾನದ ಜನಸಂಖ್ಯೆ 1921ರಲ್ಲಿ 1,24,71,770ಕ್ಕೆ ಇಳಿಯಿತು. 1918ರ ಇನ್‌ಫ್ಲುಯೆಂಜಾ ಜ್ವರವೂ ಅದೇ ಕಾಲದ ಬರವೂ ಸೇರಿ ಮಾಡಿದ ಕೆಲಸ ಅದು. ಬದುಕಿದವರಷ್ಟೆ ಹಾಳೆಯಲ್ಲಿದ್ದರು. ಇಲ್ಲವಾದ ಒಂಬತ್ತು ಲಕ್ಷವನ್ನು ಓದುವವನು ತಾನೇ ಕಳೆದು ಕಂಡುಕೊಳ್ಳಬೇಕು.

ಹತ್ತು ವರ್ಷಗಳ ಎರಡು ಎಣಿಕೆಗಳ ನಡುವೆ ನಡೆದ ಇನ್ನೊಂದು ದುರಂತವನ್ನು ಈ ಭಾಗದವರು ಮರೆತಿಲ್ಲ. 1948ರ ಮೇ ತಿಂಗಳಲ್ಲಿ ಈಗಿನ ಬೀದರ ಜಿಲ್ಲೆಯ ಗೋರ್ಟಾ ಗ್ರಾಮದಲ್ಲಿ ರಜಾಕಾರರ ದಾಳಿಗೆ ಇನ್ನೂರಕ್ಕೂ ಹೆಚ್ಚು ಜನ ಬಲಿಯಾದರು. ಅದೇ ಸೆಪ್ಟೆಂಬರಿನಲ್ಲಿ ಪೊಲೀಸ್ ಕಾರ್ಯಾಚರಣೆ ಮುಗಿದ ಮೇಲೆ ಹಗೆತನ ದಿಕ್ಕು ಬದಲಿಸಿತು. ಮುಸ್ಲಿಮರು ದೊಡ್ಡ ಸಂಖ್ಯೆಯಲ್ಲಿ ಪ್ರಾಣ ಕಳೆದುಕೊಂಡರು. ಭಾರತ ಸರ್ಕಾರ ಕಳುಹಿಸಿದ ಪಂಡಿತ ಸುಂದರಲಾಲರ ಸಮಿತಿ ಅತಿ ಹೆಚ್ಚು ನೊಂದ ನಾಲ್ಕು ಜಿಲ್ಲೆಗಳಲ್ಲಿ ಬೀದರವನ್ನೂ ಹೆಸರಿಸಿತು. ಒಟ್ಟು ಸತ್ತವರು 27,000ದಿಂದ 40,000 ಇರಬಹುದೆಂದು ಸಮಿತಿಯ ಅಂದಾಜು. ಇಲ್ಲಿ ‘ಸುಮಾರು’ ಎಂಬ ಮಾತಿನ ಎರಡು ತುದಿಗಳ ನಡುವಿನ ಅಂತರವೇ ಹದಿಮೂರು ಸಾವಿರ ಜೀವ. 1951ರಲ್ಲಿ ಸ್ವತಂತ್ರ ಭಾರತದ ಮೊದಲ ಜನಗಣತಿಯವರು ಬಂದಾಗ ಅವರ ಹಾಳೆಯಲ್ಲಿ ಇದ್ದವರಿಗೆ ಮಾತ್ರ ಕಲಮುಗಳಿದ್ದವು.

ಜನ ಅಲುಗದೆಯೂ ಜನಸಂಖ್ಯೆ ಅಲುಗುವುದುಂಟು. 1956ರ ನವೆಂಬರ್ 1ರಂದು ಭಾಷಾವಾರು ಪ್ರಾಂತಗಳಾದಾಗ ಹಳೆಯ ಬೀದರ ಜಿಲ್ಲೆ ಮೂರು ಪಾಲಾಯಿತು. ಉದಗೀರ, ನಿಲಂಗಾ, ಅಹಮದಪುರಗಳು ಮುಂಬಯಿ ರಾಜ್ಯಕ್ಕೆ, ಜಹೀರಾಬಾದು, ನಾರಾಯಣಖೇಡ ಆಂಧ್ರಕ್ಕೆ, ಬೀದರ, ಔರಾದ, ಭಾಲ್ಕಿ, ಹುಮನಾಬಾದ, ಕಲ್ಯಾಣಗಳು ಮೈಸೂರಿಗೆ ಸಂದವು. ದುಬಲಗುಂಡಿಯ ರೈತ ತನ್ನ ಹೊಲದ ಬದುವಿನ ಮೇಲೆ ಕುಳಿತಿದ್ದಂತೆಯೇ ಹೈದರಾಬಾದಿನ ಲೆಕ್ಕದಿಂದ ಮೈಸೂರಿನ ಲೆಕ್ಕಕ್ಕೆ ಬಂದ. ಮೊದಲು ನಾಲ್ಕು ಭಾಷೆಗಳ ಸಂಸ್ಥಾನದಲ್ಲಿ ಒಬ್ಬನಾಗಿದ್ದವನು ಈಗ ಕನ್ನಡದ ಬಹುಸಂಖ್ಯಾತನಾದ. ಅವನ ಪಕ್ಕದ ಮನೆಯ ಮರಾಠಿಯವನು, ಎದುರು ಮನೆಯ ಉರ್ದುವಿನವನು ಅದೇ ದಿನ ಭಾಷಾ ಅಲ್ಪಸಂಖ್ಯಾತರಾದರು. ಮೂವರೂ ಸಂತೆಗೆ ಹೋದದ್ದು ಮಾತ್ರ ಹಿಂದಿನ ದಾರಿಯಲ್ಲೇ.

ಈ ಲೆಕ್ಕ ಹುಟ್ಟುವುದನ್ನು ನಾನು ಕಣ್ಣಾರೆ ಕಂಡದ್ದು 1981ರ ಫೆಬ್ರವರಿಯಲ್ಲಿ. ಆಗ ನಾನು ವಿದ್ಯಾರ್ಥಿ. ನನ್ನ ಸೋದರಮಾವ ಆ ಸೀಮೆಯಲ್ಲಿ ಪ್ರಾಥಮಿಕ ಶಾಲೆಯ ಮಾಸ್ತರರು; ಎಣಿಕೆಯ ಕೆಲಸ ಅವರ ಪಾಲಿಗೆ ಬಂದಿತ್ತು. ಹಾಳೆಗಳ ಕಟ್ಟನ್ನು ಹೊತ್ತು ನಾನು ಅವರ ಬೆನ್ನಿಗೆ ತಿರುಗಿದೆ. ಒಂದು ಮನೆಯಲ್ಲಿ ಸೊಸೆ ಗಂಡನ ಹೆಸರು ಹೇಳಲು ಒಪ್ಪಲಿಲ್ಲ. ನೆರೆಯವರ ಒತ್ತಾಯಕ್ಕೆ ಒಡಪು ಹಾಕಿ, ಅದರ ಕೊನೆಗೆ ಹೆಸರನ್ನು ಉಸುರಿ ಒಳಗೆ ಓಡಿದಳು. ಅತ್ತೆಯ ವಯಸ್ಸು ಕೇಳಿದರೆ ಬಂದ ಉತ್ತರ ಹೀಗಿತ್ತು: “ನನಗೇನು ಗೊತ್ತರಿ ಮಾಸ್ತರ? ರಜಾಕಾರರ ಗದ್ದಲದಾಗ ನನ್ನ ಹಿರಿ ಮಗ ತೊಟ್ಟಿಲದಾಗಿದ್ದ.” ಮಾವ ಬೆರಳು ಮಡಿಚಿ ಲೆಕ್ಕ ಹಾಕಿ ಐವತ್ತು ಎಂದು ಬರೆದರು. ಐವತ್ತೆರಡೋ ಐವತ್ಮೂರೋ ಇದ್ದೀತು. ನಮ್ಮ ಜನಗಣತಿಯ ವಯಸ್ಸಿನ ಪಟ್ಟಿಗಳಲ್ಲಿ ಸೊನ್ನೆ ಮತ್ತು ಐದರಿಂದ ಮುಗಿಯುವ ವಯಸ್ಸಿನವರು ಗುಂಪುಗುಂಪಾಗಿ ಕಾಣಿಸಿಕೊಳ್ಳುವುದರ ಗುಟ್ಟು ಇದೇ. ಆದರೆ ಆ ತಾಯಿಯ ಪಂಚಾಂಗವೂ ಸುಳ್ಳಿನದಲ್ಲ. ಈ ಭಾಗದಲ್ಲಿ 1948ರ ಗದ್ದಲ, 1972ರ ಬರ, ಆಮೇಲೆ 1993ರ ಕಿಲ್ಲಾರಿಯ ಭೂಕಂಪ, ಇವು ಜನರ ವಯಸ್ಸಿನ ಮೈಲುಗಲ್ಲುಗಳು.

ಬಳಿಕ ಕಸುಬಿನ ಪ್ರಶ್ನೆ. “ನಂದೇನೈತರಿ, ಮನ್ಯಾಗೇ ಇರ್ತೀನಿ” ಎಂದಳು ಆಕೆ. ಅವಳ ಕೈಯಲ್ಲಿ ಆಗತಾನೆ ಕಿತ್ತ ಕಸದ ಹಸಿರು ಇನ್ನೂ ಅಂಟಿತ್ತು. ಆ ವರ್ಷದ ಹಾಳೆ ಜನರನ್ನು ಪೂರ್ಣ ಕೆಲಸಗಾರರು, ಅಲ್ಪಾವಧಿ ಕೆಲಸಗಾರರು, ಕೆಲಸಗಾರರಲ್ಲದವರು ಎಂದು ಮೂರು ಬಗೆಯಾಗಿ ವಿಂಗಡಿಸುತ್ತಿತ್ತು. ಸ್ವಂತ ಮಾತಿನ ಮೇಲೆಯೇ ಆ ತಾಯಿ ಮೂರನೆಯ ಬಗೆಗೆ ಸೇರಿದಳು. ನನಗೆ ಕಲ್ಯಾಣದ ನೆನಪಾಯಿತು. ಏಳುನೂರ ಎಪ್ಪತ್ತು ಅಮರಗಣಂಗಳೆಂದು ಪರಂಪರೆ ಹೇಳುವ ಆ ಸಂಖ್ಯೆಯೂ ಒಂದು ಬಗೆಯ ಗಣತಿಯೇ. ಅದು ಭಕ್ತಿಯ ಎಣಿಕೆ, ತಾಳೆ ನೋಡುವಂಥದಲ್ಲ. ಆದರೆ ಅದರಲ್ಲಿ ಕಸುಬಿಲ್ಲದ ಹೆಸರು ಅಪರೂಪ: ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ನುಲಿಯ ಚಂದಯ್ಯ. ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯುವುದೂ ಅಲ್ಲಿ ಕಾಯಕ. ಗಂಡ ಮಾರಯ್ಯನಂತೆ ಹೆಂಡತಿ ಲಕ್ಕಮ್ಮನೂ ‘ಆಯ್ದಕ್ಕಿ’ ಎಂಬ ವಿಶೇಷಣಕ್ಕೆ ಹಕ್ಕುದಾರಳು. ಎಣಿಕೆಯವರು ಲಕ್ಕಮ್ಮನ ಬಾಗಿಲಿಗೆ ಹೋಗಿದ್ದರೆ ಅವಳನ್ನು ಯಾವ ಕಲಮಿನಲ್ಲಿ ಬರೆದುಕೊಳ್ಳುತ್ತಿದ್ದರೋ!

ಹಾಳೆ ಮಡಿಚಿ ಏಳುವಾಗ ಆ ತಾಯಿ ತಡೆದಳು: “ನನ್ನ ಸಣ್ಣ ಮಗಂದು ಹೆಸರು ಬಿಟ್ಟೀರಲ್ಲರಿ?”

“ಅವ ಹೈದರಾಬಾದದಾಗ ಅದಾನಲ್ಲವ್ವಾ. ಅಲ್ಲೇ ಬರ್ಕೋತಾರ” ಎಂದರು ಮಾವ.

“ಅಲ್ಲಿ ಅವನಿಗಿ ಮನೀನೇ ಇಲ್ಲರಿ. ಕಟ್ಟಲಾಕ ಹತ್ತಿದ ಬಿಲ್ಡಿಂಗದಾಗೇ ಮಕ್ಕೋತಾನ. ಬಾಗಿಲಾ ಇಲ್ಲದ ಮನಿಗಿ ಯಾರ ಬಂದು ಬರ್ಕೋತಾರ?”

ಮಾವನ ಬಳಿ ಉತ್ತರವಿರಲಿಲ್ಲ, ನಿಯಮವಿತ್ತು. ಎಣಿಕೆಯ ಅವಧಿಯುದ್ದಕ್ಕೂ ಊರಲ್ಲಿ ಇಲ್ಲದವನನ್ನು ಆ ಮನೆಯ ಲೆಕ್ಕಕ್ಕೆ ಸೇರಿಸುವಂತಿಲ್ಲ. ಮನೆಯಿಲ್ಲದವರನ್ನು ಅವಧಿಯ ಕೊನೆಯ ರಾತ್ರಿ ಅವರು ಮಲಗಿದ ಜಾಗದಲ್ಲೇ ಎಣಿಸಬೇಕೆಂಬ ಏರ್ಪಾಟೂ ಇದೆ. ಆ ರಾತ್ರಿ ಹೈದರಾಬಾದಿನ ಯಾವುದೋ ಮುಗಿಯದ ಮಹಡಿಯ ಮೆಟ್ಟಿಲನ್ನು ಎಣಿಕೆಯವರು ಹತ್ತಿದ್ದರೆ ಅವನು ಭಾರತದ ಲೆಕ್ಕದಲ್ಲಿದ್ದಾನೆ, ಇಲ್ಲವಾದರೆ ಇಲ್ಲ.

ಹೊರಗಿನ ಒಂದು ಹೋಲಿಕೆ ಇಲ್ಲಿ ನೆರವಾದೀತು. ಅಮೆರಿಕದ ಕೆಲವು ಭಾಗಗಳಲ್ಲಿ, ಮುಖ್ಯವಾಗಿ ಕ್ಯಾಲಿಫೋರ್ನಿಯಾದಲ್ಲಿ, ಊರ ಎಲ್ಲೆಯ ಫಲಕದ ಮೇಲೆ ಹೆಸರಿನ ಕೆಳಗೆ ಜನಸಂಖ್ಯೆಯನ್ನೂ ಬರೆದಿರುತ್ತಾರೆ. ದೊಡ್ಡ ನಗರದ ಸುತ್ತ ಬೆಳೆದ ಸಣ್ಣ ಉಪನಗರಗಳ ಜನ ಬೆಳಗ್ಗೆ ನಗರಕ್ಕೆ ದುಡಿಯಲು ಹೋಗಿ ಸಂಜೆ ಮರಳುತ್ತಾರೆ. ಫಲಕದ ಅಂಕಿ ಸುಳ್ಳಾಗುವುದಿಲ್ಲ. ನಮ್ಮ ದುಬಲಗುಂಡಿಯ ಸೀಮೆಯೂ ಹೈದರಾಬಾದು, ಪುಣೆ, ಮುಂಬಯಿಗಳ ಒಂದು ಉಪನಗರವೇ. ಹುಮನಾಬಾದನ್ನು ಹಾದುಹೋಗುವ ಹೆದ್ದಾರಿ ಒಂದು ತುದಿಯಲ್ಲಿ ಪುಣೆಯನ್ನೂ ಇನ್ನೊಂದು ಕಡೆ ಹೈದರಾಬಾದನ್ನೂ ಮುಟ್ಟಿಸುತ್ತದೆ. ವ್ಯತ್ಯಾಸವಿಷ್ಟೆ: ಅಲ್ಲಿಯವರು ಸಂಜೆಗೆ ಮರಳಿದರೆ ನಮ್ಮವರು ಸುಗ್ಗಿಗೆ, ಜಾತ್ರೆಗೆ, ಮದುವೆಗೆ ಮರಳುತ್ತಾರೆ. ಅವರ ಒಂದು ದಿನ ನಮ್ಮವರಿಗೆ ಒಂದು ವರ್ಷ. ಆ ವರ್ಷದ ನಡುವೆ ಎಣಿಕೆ ಬಂದರೆ ಇವರು ದಾರಿಯಲ್ಲಿರುತ್ತಾರೆ.

ಹಾಗೆಂದು ಅಮೆರಿಕದ ಲೆಕ್ಕ ನಿಷ್ಕಳಂಕವಲ್ಲ. 1790ರಲ್ಲಿ ಅಲ್ಲಿ ಮೊದಲ ಜನಗಣತಿ ನಡೆದಾಗ, ಪ್ರತಿನಿಧಿಗಳ ಸ್ಥಾನ ಹಂಚುವುದಕ್ಕೆ ಐವರು ಗುಲಾಮರನ್ನು ಮೂವರೆಂದು ಹಿಡಿಯಲು ಸಂವಿಧಾನವೇ ವಿಧಿಸಿತ್ತು. 1868ರ ತಿದ್ದುಪಡಿಯಿಂದ ಆ ಮಾತು ಅಳಿಯಿತು. ತಲೆಯನ್ನು ಎಣಿಸುವುದೆಂದರೆ ಬೆಲೆ ಕಟ್ಟುವುದೂ ಹೌದು.

ಅಂಕಿಗೆ ಇಷ್ಟು ತಲೆ ಕೆಡಿಸಿಕೊಳ್ಳುವುದೇಕೆ ಎಂದು ಕೇಳಬಹುದು. 1993ರ ಕರ್ನಾಟಕ ಪಂಚಾಯತ್ ರಾಜ್ ಅಧಿನಿಯಮದಂತೆ ಗ್ರಾಮ ಪಂಚಾಯಿತಿಗೆ ಪ್ರತಿ 400 ಜನಕ್ಕೆ ಒಬ್ಬ ಸದಸ್ಯ. ಊರು ಪಟ್ಟಣವೆಂದು ಜನಗಣತಿಯಲ್ಲಿ ಕರೆಸಿಕೊಳ್ಳಬೇಕಾದರೆ 5,000 ಜನ, ಚದರ ಕಿಲೋಮೀಟರಿಗೆ 400ರ ಸಾಂದ್ರತೆ, ದುಡಿಯುವ ಗಂಡಸರಲ್ಲಿ ನೂರಕ್ಕೆ ಎಪ್ಪತ್ತೈದು ಮಂದಿ ಬೇಸಾಯದಾಚೆಗಿನ ಕೆಲಸದವರು, ಈ ಮೂರೂ ಬೇಕು. ಶಾಲೆ, ಪಡಿತರ, ದವಾಖಾನೆ ಎಲ್ಲವೂ ಈ ತಲೆಯೆಣಿಕೆಯ ಹಿಂದೆ ಬರುತ್ತವೆ. ಊರು ಬಿಟ್ಟವನು ಎರಡೂ ಕಡೆ ತಪ್ಪಿದರೆ ನಷ್ಟ ಅವನೊಬ್ಬನದಲ್ಲ. ಹಿಂದೆ ಉಳಿದ ತಾಯಿಯದೂ ಹೌದು.

ಬೀದರ ಜಿಲ್ಲೆಯ ಜನಸಂಖ್ಯೆ 2001ರಲ್ಲಿ 15,02,373 ಇದ್ದದ್ದು 2011ರಲ್ಲಿ 17,03,300ಕ್ಕೆ ಏರಿತು. ಬೆಳವಣಿಗೆ ನೂರಕ್ಕೆ ಹದಿಮೂರಕ್ಕೆ ತುಸು ಮೇಲು. ಅದರ ಹಿಂದಿನ ದಶಕದಲ್ಲಿ ಅದು ಹತ್ತೊಂಬತ್ತನ್ನು ದಾಟಿತ್ತು. ಹೆರಿಗೆ ಕಡಮೆಯಾದದ್ದು ಎಷ್ಟರಮಟ್ಟಿಗೆ ಕಾರಣ, ಬಸ್ಸು ಹತ್ತಿ ಹೋದದ್ದು ಎಷ್ಟರಮಟ್ಟಿಗೆ ಕಾರಣ ಎಂಬ ಹಳೆಯ ಪ್ರಶ್ನೆ 1901ರ ಹಾಳೆಯ ಮುಂದೆ ನಿಂತಂತೆಯೇ ಈ ಹಾಳೆಯ ಮುಂದೆಯೂ ನಿಲ್ಲುತ್ತದೆ.

2021ರಲ್ಲಿ ನಡೆಯಬೇಕಾಗಿದ್ದ ಗಣತಿ ಕೋವಿಡ್ ಪಿಡುಗಿನಿಂದ ಮುಂದೆ ಹೋಯಿತು. 1881ರಿಂದ ಹತ್ತು ವರ್ಷಕ್ಕೊಮ್ಮೆ ತಪ್ಪದೆ ನಡೆದುಬಂದ ಸರಣಿ ಕಡಿದದ್ದು ಅದೇ ಮೊದಲು. 2027ರ ಮಾರ್ಚ್ 1ನ್ನು ಗಣತಿಯ ದಿನವೆಂದು ಗೊತ್ತುಮಾಡಿ ಕೇಂದ್ರ ಸರ್ಕಾರ 2025ರ ಜೂನ್‌ನಲ್ಲಿ ಅಧಿಸೂಚನೆ ಹೊರಡಿಸಿತು. 1931ರ ಬಳಿಕ ನಿಂತುಹೋಗಿದ್ದ ಎಲ್ಲ ಜಾತಿಗಳ ಎಣಿಕೆಯೂ ಅದರಲ್ಲಿ ಸೇರಬೇಕೆಂದು ನಿರ್ಧಾರವಾಯಿತು.

ಎಣಿಕೆಯವರು ಬಾಗಿಲಿಗೆ ಬಂದಾಗ ಓದುಬರಹ ಬಲ್ಲವರು ಮಾಡಬಹುದಾದ ಕೆಲಸ ದೊಡ್ಡದೇನಲ್ಲ. ‘ಮನ್ಯಾಗೇ ಇರ್ತೀನಿ’ ಎನ್ನುವ ತಾಯಿಗೆ ಅವಳ ದುಡಿಮೆಯನ್ನು ನೆನಪಿಸಿ ಬರೆಯಿಸಬೇಕು. ನಮ್ಮ ಬೀದಿಯ ಕೊನೆಯಲ್ಲಿ ಕಟ್ಟಡ ಏಳುತ್ತಿದ್ದರೆ, ಅದರೊಳಗೆ ದುಬಲಗುಂಡಿಯಂಥ ಊರಿನ ಒಬ್ಬ ಮಗ ಮಲಗಿರುತ್ತಾನೆಂದು ಎಣಿಕೆಯವರಿಗೆ ತೋರಿಸಬೇಕು. ನಲವತ್ತು ವರ್ಷಗಳ ಹಿಂದೆ ನನ್ನ ಮಾವ ಆ ತಾಯಿಗೆ ‘ಅಲ್ಲೇ ಬರ್ಕೋತಾರ’ ಎಂದು ಮಾತು ಕೊಟ್ಟು ಬಂದಿದ್ದರು. ಅದನ್ನು ನಡೆಸಿಕೊಡಬೇಕಾದವರು ಪಟ್ಟಣದಲ್ಲಿರುವ ನಾವು.

(ಬಾನುಲಿ ಭಾಷಣ)